ಭಯದ ಮರುಓದು: ಮಕ್ಕಳ ಭಯಾನಕ ಕಥೆಗಳಲ್ಲಿ ಪಠ್ಯ, ಚಿತ್ರ ಮತ್ತು ನೆನಪು

1. ಪ್ರವೇಶ

ಬಾಲ್ಯದಲ್ಲಿ ನಿದ್ದೆಗೆಡಿಸಿದ ಪುಸ್ತಕವೊಂದನ್ನು ನಡುವಯಸ್ಸಿನಲ್ಲಿ ಮತ್ತೆ ಕೈಗೆತ್ತಿಕೊಂಡ ಓದುಗನಿಗೆ ಸಾಮಾನ್ಯವಾಗಿ ಎರಡು ಅನುಭವಗಳಲ್ಲಿ ಒಂದು ಆಗುತ್ತದೆ. 'ಇದಕ್ಕೆ ನಾನು ಹೆದರಿದ್ದೆನೆ?' ಎಂಬ ನಿರಾಶೆ ಮೊದಲನೆಯದು. 'ಅಂಥ ಕಥೆಗಳು ಈಗ ಎಲ್ಲಿ?' ಎಂಬ ಹಳಹಳಿಕೆ ಎರಡನೆಯದು. ನಿರಾಶನಾದವನು ಕೃತಿಯನ್ನು ಟೊಳ್ಳೆಂದು ತಳ್ಳಿಹಾಕುತ್ತಾನೆ; ಹಳಹಳಿಸುವವನು ಅದನ್ನು ಮೇರುಕೃತಿಯೆಂದು ಎತ್ತಿ ಹಿಡಿಯುತ್ತಾನೆ. ಮಕ್ಕಳ ಹಾಗೂ ಹದಿಹರೆಯದವರ ಭಯಾನಕ ಸಾಹಿತ್ಯವನ್ನು ಕುರಿತ ಬಹುಪಾಲು ಬರವಣಿಗೆ ಈ ಎರಡು ತೀರ್ಮಾನಗಳ ನಡುವೆಯೇ ಓಲಾಡುತ್ತ ಬಂದಿದೆ.

ಎರಡೂ ತೀರ್ಮಾನಗಳ ಹಿಂದೆ ಒಂದು ಸಮಾನ ಗ್ರಹಿಕೆಯಿದೆ. ಅಂದು ಓದಿದ್ದೂ ಇಂದು ಓದುತ್ತಿರುವುದೂ ಒಂದೇ ಕೃತಿ, ಬದಲಾದವನು ಓದುಗನೊಬ್ಬನೇ ಎಂಬುದೇ ಆ ಗ್ರಹಿಕೆ. ಹಳಗನ್ನಡ ಕಾವ್ಯವನ್ನು ಪಾಠ ಹೇಳುವಾಗ ನಾವು ಇಷ್ಟು ಸುಲಭವಾಗಿ ಹೀಗೆ ನಂಬುವುದಿಲ್ಲ. ಯಾವ ಪ್ರತಿ, ಯಾರ ಸಂಪಾದನೆ, ಯಾವ ಪಾಠ ಎಂಬ ಪ್ರಶ್ನೆಗಳನ್ನು ಮೊದಲು ಕೇಳುತ್ತೇವೆ. ಡಿ. ಎಲ್. ನರಸಿಂಹಾಚಾರ್ಯರಿಂದ ಎಂ. ಎಂ. ಕಲಬುರ್ಗಿಯವರವರೆಗೆ ಬೆಳೆದು ಬಂದ ಗ್ರಂಥಸಂಪಾದನಾ ಶಾಸ್ತ್ರ ನಮಗೆ ಕಲಿಸಿರುವ ಶಿಸ್ತು ಇದು. ಆದರೆ ಅಚ್ಚಾದ, ಅಗ್ಗದ, ಮಕ್ಕಳ ಕೈಯಲ್ಲಿ ಹರಿದುಹೋಗುವ ಪುಸ್ತಕದ ವಿಷಯದಲ್ಲಿ ಈ ಪ್ರಶ್ನೆಗಳು ಅನಗತ್ಯವೆಂದು ಭಾವಿಸಿದ್ದೇವೆ.

ಈ ಭಾವನೆ ತಪ್ಪು ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಅದಕ್ಕಾಗಿ 1981ರಿಂದ 1997ರ ನಡುವೆ ಅಮೆರಿಕದಲ್ಲಿ ಪ್ರಕಟವಾದ ಎರಡು ಜನಪ್ರಿಯ ಪುಸ್ತಕಮಾಲೆಗಳನ್ನು ಮುಖ್ಯ ಆಕರವಾಗಿ ಇಟ್ಟುಕೊಳ್ಳಲಾಗಿದೆ. ಆಲ್ವಿನ್ ಶ್ವಾರ್ಟ್ಸ್ ಅವರ 'ಸ್ಕೇರಿ ಸ್ಟೋರೀಸ್' ಸಂಪುಟಗಳು ಮತ್ತು ಆರ್. ಎಲ್. ಸ್ಟೈನ್ ಅವರ 'ಗೂಸ್‌ಬಂಪ್ಸ್' ಮಾಲೆ ಆ ಎರಡು. ಅವುಗಳ ಪ್ರಕಟಣೆಯ ಇತಿಹಾಸವು ಎತ್ತುವ ಪ್ರಶ್ನೆಯೊಂದು ಕನ್ನಡದ ಮಕ್ಕಳು ಓದಿದ 'ಚಂದಮಾಮ'ದ ಬೇತಾಳ ಕಥೆಗಳಿಗೂ ನೇರವಾಗಿ ತಗಲುವುದರಿಂದ ಕೊನೆಯ ಭಾಗದಲ್ಲಿ ಅವನ್ನೂ ಪರಿಶೀಲಿಸಲಾಗಿದೆ.

2. ಹಿನ್ನೆಲೆ: ನಿಷೇಧದಿಂದ ಹಂಬಲದವರೆಗೆ

ಮಕ್ಕಳ ಭಯಾನಕ ಸಾಹಿತ್ಯದ ಚರಿತ್ರೆಯಲ್ಲಿ ಒಂದು ಕ್ರಮ ಮತ್ತೆ ಮತ್ತೆ ಕಾಣುತ್ತದೆ. ಒಂದು ತಲೆಮಾರಿನ ಹಿರಿಯರು ಅಪಾಯಕಾರಿಯೆಂದು ಬಗೆದದ್ದು ಮುಂದಿನ ತಲೆಮಾರಿನ ಹಿರಿಯರಿಗೆ ಮಧುರ ನೆನಪಾಗುತ್ತದೆ. 1950ರ ದಶಕದ ಆರಂಭದಲ್ಲಿ ಅಮೆರಿಕದ ಇ.ಸಿ. ಸಂಸ್ಥೆ 'ಟೇಲ್ಸ್ ಫ್ರಮ್ ದ ಕ್ರಿಪ್ಟ್' ಮೊದಲಾದ ಭಯಾನಕ ಚಿತ್ರಕಥಾಪತ್ರಿಕೆಗಳನ್ನು ಹೊರತರುತ್ತಿತ್ತು. ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಅವರು 1954ರಲ್ಲಿ ಪ್ರಕಟಿಸಿದ 'ಸಿಡಕ್ಷನ್ ಆಫ್ ದಿ ಇನ್ನೊಸೆಂಟ್' ಎಂಬ ಗ್ರಂಥ ಇಂಥ ಪತ್ರಿಕೆಗಳು ಬಾಲಾಪರಾಧಕ್ಕೆ ಕಾರಣವೆಂದು ವಾದಿಸಿತು. ಅದೇ ವರ್ಷ ಅಮೆರಿಕದ ಸೆನೆಟ್ಟಿನ ಉಪಸಮಿತಿಯೊಂದು ವಿಚಾರಣೆ ನಡೆಸಿತು. ಪ್ರಕಾಶಕರು ತಾವೇ ಒಂದು ಸಂಹಿತೆಯನ್ನು ರೂಪಿಸಿಕೊಂಡು, ಶೀರ್ಷಿಕೆಗಳಲ್ಲಿ 'ಹಾರರ್', 'ಟೆರರ್' ಎಂಬ ಪದಗಳ ಬಳಕೆಯನ್ನು ಕೈಬಿಟ್ಟರು. ಆ ಪತ್ರಿಕೆಗಳ ಕಾಲ ಅಲ್ಲಿಗೆ ಮುಗಿಯಿತು.

1943ರಲ್ಲಿ ಹುಟ್ಟಿದ ಸ್ಟೈನ್ ಅಂಥ ಪತ್ರಿಕೆಗಳ ಬಾಲ ಓದುಗರಲ್ಲಿ ಒಬ್ಬರು. ಆ ಓದು ತಮ್ಮ ಮೇಲೆ ಬೀರಿದ ಪ್ರಭಾವವನ್ನು ಅವರು ಅನೇಕ ಸಲ ಹೇಳಿಕೊಂಡಿದ್ದಾರೆ. 1989ರಲ್ಲಿ ಹದಿಹರೆಯದವರಿಗಾಗಿ 'ಫಿಯರ್ ಸ್ಟ್ರೀಟ್' ಮಾಲೆಯನ್ನೂ 1992ರ ಜುಲೈನಲ್ಲಿ ಅದಕ್ಕಿಂತ ಚಿಕ್ಕವರಿಗಾಗಿ 'ಗೂಸ್‌ಬಂಪ್ಸ್' ಮಾಲೆಯನ್ನೂ ಅವರು ಆರಂಭಿಸಿದರು. ಹೀಗೆ ನಿಷೇಧಕ್ಕೊಳಗಾದ ಒಂದು ಓದು ಇನ್ನೊಂದು ತಲೆಮಾರಿನ ಓದಿಗೆ ಬೀಜವಾಯಿತು. ಆ ಹೊಸ ಓದೂ ಆಕ್ಷೇಪದಿಂದ ತಪ್ಪಿಸಿಕೊಳ್ಳಲಿಲ್ಲ. ಗ್ರಂಥಾಲಯಗಳಿಂದ ತೆಗೆಸಬೇಕೆಂದು ಆಗ್ರಹಕ್ಕೊಳಗಾದ ಪುಸ್ತಕಗಳ ಪಟ್ಟಿಯನ್ನು ಅಮೆರಿಕದ ಗ್ರಂಥಾಲಯ ಸಂಘ ಸಿದ್ಧಪಡಿಸುತ್ತದೆ. 1990–1999ರ ದಶಕದ ಪಟ್ಟಿಯಲ್ಲಿ ಶ್ವಾರ್ಟ್ಸ್ ಅವರ ಸಂಪುಟಗಳಿಗೆ ಮೊದಲ ಸ್ಥಾನ, 'ಗೂಸ್‌ಬಂಪ್ಸ್' ಮಾಲೆಗೆ ಹದಿನೈದನೆಯ ಸ್ಥಾನ. ಇಂದು ಇವೆರಡೂ ಆ ಕಾಲದ ಮಕ್ಕಳ ಹಳಹಳಿಕೆಯ ಮುಖ್ಯ ವಸ್ತುಗಳಾಗಿವೆ.

ಈ ಕ್ರಮವನ್ನು ಗಮನಿಸಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಆಕ್ಷೇಪಿಸಿದ ಹಿರಿಯರೂ ಹಂಬಲಿಸುವ ಹಿರಿಯರೂ ಪುಸ್ತಕದಲ್ಲಿ ಒಂದು ಶಕ್ತಿಯಿದೆ ಎಂದು ಒಪ್ಪುತ್ತಾರೆ. ಆ ಶಕ್ತಿ ಪುಸ್ತಕದ ಯಾವ ಅಂಗದಲ್ಲಿದೆ ಎಂಬುದನ್ನು ಮಾತ್ರ ಇಬ್ಬರೂ ಬಿಡಿಸಿ ನೋಡುವುದಿಲ್ಲ.

3. ಬರೆದ ಪಠ್ಯ, ಹೇಳುವ ದನಿ

ಆಲ್ವಿನ್ ಶ್ವಾರ್ಟ್ಸ್ (1927–1992) ವೃತ್ತಿಯಿಂದ ಪತ್ರಕರ್ತರು. ಬಳಿಕ ಮಕ್ಕಳಿಗಾಗಿ ಜನಪದ ಸಾಮಗ್ರಿಯನ್ನು ಸಂಗ್ರಹಿಸಿ ಕೊಟ್ಟವರು. ಅವರ 'ಸ್ಕೇರಿ ಸ್ಟೋರೀಸ್ ಟು ಟೆಲ್ ಇನ್ ದ ಡಾರ್ಕ್' 1981ರಲ್ಲಿ ಪ್ರಕಟವಾಯಿತು. ಎರಡನೆಯ ಸಂಪುಟ 1984ರಲ್ಲಿ, ಮೂರನೆಯದು 1991ರಲ್ಲಿ ಬಂದವು. ಮೊದಲ ಸಂಪುಟದ ಶೀರ್ಷಿಕೆಯಲ್ಲೇ ಇರುವ 'ಹೇಳಲು' ಎಂಬ ಕ್ರಿಯಾಪದವನ್ನು ಗಮನಿಸಬೇಕು. ಇವು ಕತ್ತಲಲ್ಲಿ ಹೇಳುವುದಕ್ಕಾಗಿ ಇರುವ ಕಥೆಗಳು. ಮೌನವಾಗಿ ಓದಿ ಮುಗಿಸುವುದು ಅವುಗಳ ಒಂದು ಬಳಕೆ ಮಾತ್ರ. ಸಂಪುಟದ ಕೊನೆಯಲ್ಲಿ ಕಥೆಗಳ ಮೂಲ, ಪಾಠಭೇದ, ಹಿನ್ನೆಲೆಗಳನ್ನು ಕುರಿತ ಟಿಪ್ಪಣಿಗಳಿವೆ. ಮಕ್ಕಳ ಪುಸ್ತಕಕ್ಕೆ ಜನಪದ ಸಂಶೋಧಕನ ಅನುಬಂಧ ಸೇರಿರುವುದು ಅಪರೂಪದ ಸಂಗತಿ.

ಮೊದಲ ಸಂಪುಟದ 'ದ ಬಿಗ್ ಟೋ' ಕಥೆಯನ್ನು ನೋಡಬಹುದು. ತೋಟದಲ್ಲಿ ಅಗೆಯುತ್ತಿದ್ದ ಹುಡುಗನಿಗೆ ಕಾಲಿನ ಹೆಬ್ಬೆರಳೊಂದು ಸಿಗುತ್ತದೆ. ತಾಯಿ ಅದನ್ನು ಸಾರಿಗೆ ಹಾಕುತ್ತಾಳೆ. ಮನೆಯವರು ಹಂಚಿಕೊಂಡು ತಿನ್ನುತ್ತಾರೆ. ಆ ರಾತ್ರಿ ಹೆಬ್ಬೆರಳನ್ನು ಕೇಳುತ್ತ ದನಿಯೊಂದು ಹತ್ತಿರವಾಗುತ್ತ ಬರುತ್ತದೆ. ವಾಕ್ಯಗಳು ಬರಿದಾಗಿವೆ, ವರ್ಣನೆಯೇ ಇಲ್ಲ. ಬೆಳಕಿನಲ್ಲಿ ಒಂಟಿಯಾಗಿ ಕುಳಿತು ಓದುವ ವಯಸ್ಕನಿಗೆ ಇದು ಕಥೆಯ ಅಸ್ಥಿಪಂಜರದಂತೆ ತೋರುತ್ತದೆ. ಆದರೆ ಕೊನೆಯಲ್ಲಿ ಹೇಳುವವನಿಗೆ ಒಂದು ಸೂಚನೆಯಿದೆ: ಪಕ್ಕದಲ್ಲಿ ಕುಳಿತವರ ಮೇಲೆ ಥಟ್ಟನೆ ಎಗರಿ ಕೂಗಬೇಕು. ಕಥೆಯ ಭಯ ಇರುವುದು ಆ ಎಗರುವಿಕೆಯಲ್ಲಿ, ಅದಕ್ಕಿಂತ ಮುಂಚಿನ ನಿಶ್ಶಬ್ದದಲ್ಲಿ.

ಇದೇ ಆಶಯದ ಇನ್ನೊಂದು ಪಾಠವಾದ 'ಬಂಗಾರದ ತೋಳು' ಕಥೆಯನ್ನು ಮಾರ್ಕ್ ಟ್ವೇನ್ ತಮ್ಮ ಭಾಷಣಗಳಲ್ಲಿ ಹೇಳುತ್ತಿದ್ದರು. ಕಥೆ ಹೇಳುವ ಬಗೆಯನ್ನು ಕುರಿತು 1895ರಲ್ಲಿ ಬರೆದ ಪ್ರಬಂಧದಲ್ಲಿ ಅವರು ಅದನ್ನೇ ಉದಾಹರಣೆಯಾಗಿ ಬಳಸಿ, ಕೊನೆಯ ಕೂಗಿಗೆ ಮುಂಚಿನ ವಿರಾಮದ ಅಳತೆಯೇ ಕಥೆಯ ಜೀವವೆಂದು ವಿವರಿಸಿದರು. ವಿರಾಮ ತಪ್ಪಿದರೆ ಕಥೆ ಸತ್ತಿತು. ಜಾನಪದ ಅಧ್ಯಯನದಲ್ಲಿ 'ಪ್ರದರ್ಶನ' ಎಂಬ ಪರಿಕಲ್ಪನೆ ನೆಲೆಗೊಳ್ಳುವ ಎಷ್ಟೋ ಮೊದಲೇ ಒಬ್ಬ ಕಥೆಗಾರ ಕಂಡುಕೊಂಡ ತಿಳಿವಳಿಕೆ ಇದು.

ಶ್ವಾರ್ಟ್ಸ್ ಅವರ ಸಂಪುಟದಲ್ಲಿ ಕತ್ತಲ ಕೋಣೆಯಲ್ಲಿ ಆಡುವ ಆಟವೊಂದರ ವಿವರವೂ ಇದೆ. ಸತ್ತವನ ಮಿದುಳೆಂದು ಹೇಳಿ ಒದ್ದೆ ಟೊಮೇಟೊವನ್ನೂ ಕಣ್ಣುಗಳೆಂದು ಹೇಳಿ ಸಿಪ್ಪೆ ಸುಲಿದ ದ್ರಾಕ್ಷಿಯನ್ನೂ ಕೈಯಿಂದ ಕೈಗೆ ದಾಟಿಸಬೇಕು. ಇಂಥ ಪಠ್ಯ ಒಂದು ರಂಗಪ್ರತಿಯಂತೆ. ಅದನ್ನು ಪೂರ್ಣಗೊಳಿಸುವವರು ಮಕ್ಕಳೇ. ಅಂದಮೇಲೆ, ಮರುಓದಿನಲ್ಲಿ ಭಯವಾಗಲಿಲ್ಲ ಎಂಬ ಕಾರಣಕ್ಕೆ ಕೃತಿಯನ್ನು ಅಲ್ಲಗಳೆಯುವುದು ಯಕ್ಷಗಾನದ ಪ್ರಸಂಗಪುಸ್ತಕವನ್ನು ಓದಿ ಆಟ ಸಪ್ಪೆಯೆಂದು ತೀರ್ಮಾನಿಸಿದಂತಾಗುತ್ತದೆ.

4. ಪಠ್ಯ ಅದೇ, ಚಿತ್ರ ಬೇರೆ

ಈ ಸಂಪುಟಗಳಿಗೆ ಚಿತ್ರ ಬರೆದವರು ಸ್ಟೀಫನ್ ಗ್ಯಾಮೆಲ್. ಅವರ ಕಪ್ಪು–ಬಿಳುಪು ಚಿತ್ರಗಳಲ್ಲಿ ರೇಖೆಗಳಿಗೆ ಗಟ್ಟಿಯಾದ ಅಂಚಿಲ್ಲ. ಆಕೃತಿಗಳು ಕರಗಿ, ನೂಲುಗಳಂತೆ ಇಳಿಬಿದ್ದು, ಪುಟದ ಬಿಳುಪಿನೊಳಕ್ಕೆ ಸೋರುತ್ತವೆ. ಎಷ್ಟೋ ಚಿತ್ರಗಳು ಕಥೆಯ ಯಾವ ಘಟನೆಯನ್ನೂ ನೇರವಾಗಿ ತೋರಿಸುವುದಿಲ್ಲ. ಕಥೆ ಹೇಳದೆ ಬಿಟ್ಟದ್ದನ್ನು ಸೂಚಿಸುತ್ತವೆ. ಆಕ್ಷೇಪಿಸಿದ ಪೋಷಕರ ದೂರುಗಳಲ್ಲಿ ಕಥೆಗಳ ಜೊತೆಗೆ ಈ ಚಿತ್ರಗಳ ಮಾತೂ ಪದೇ ಪದೇ ಬರುತ್ತಿತ್ತು.

ಮೊದಲ ಸಂಪುಟಕ್ಕೆ ಮೂವತ್ತು ವರ್ಷ ತುಂಬುವ ಹೊತ್ತಿಗೆ ಪ್ರಕಾಶಕರಾದ ಹಾರ್ಪರ್‌ಕಾಲಿನ್ಸ್ ಸಂಸ್ಥೆಯವರು ಮರುಮುದ್ರಣಕ್ಕೆ ಬ್ರೆಟ್ ಹೆಲ್‌ಕ್ವಿಸ್ಟ್ ಅವರಿಂದ ಹೊಸ ಚಿತ್ರಗಳನ್ನು ಬರೆಸಿದರು. ಹೆಲ್‌ಕ್ವಿಸ್ಟ್ ನುರಿತ ಕಲಾವಿದರು. 'ಎ ಸೀರೀಸ್ ಆಫ್ ಅನ್‌ಫಾರ್ಚುನೇಟ್ ಈವೆಂಟ್ಸ್' ಮಾಲೆಯ ಚಿತ್ರಗಳಿಂದ ಹೆಸರಾದವರು. ಶ್ವಾರ್ಟ್ಸ್ ಅವರ ಕಥೆಗಳು ಹಾಗೆಯೇ ಉಳಿದವು. ಆದರೂ ಹಳೆಯ ಓದುಗರು, ಅಂದರೆ 1980–90ರ ದಶಕಗಳ ಮಕ್ಕಳು, ಇದು ತಾವು ಓದಿದ ಪುಸ್ತಕವೇ ಅಲ್ಲವೆಂದು ಪ್ರತಿಭಟಿಸಿದರು. 2017ರಲ್ಲಿ ಗ್ಯಾಮೆಲ್ ಅವರ ಚಿತ್ರಗಳೊಂದಿಗೆ ಸಂಪುಟಗಳು ಮತ್ತೆ ಮುದ್ರಣಗೊಂಡವು. 2019ರಲ್ಲಿ ಗಿಲ್ಯೆರ್ಮೊ ಡೆಲ್ ಟೋರೊ ನಿರ್ಮಾಪಕರಲ್ಲೊಬ್ಬರಾಗಿದ್ದ, ಆಂಡ್ರೆ ಓವ್ರೆಡಾಲ್ ನಿರ್ದೇಶಿಸಿದ ಚಲನಚಿತ್ರ ತೆರೆಕಂಡಾಗ ಅದರ ಪಿಶಾಚಿಗಳ ರೂಪವನ್ನು ಗ್ಯಾಮೆಲ್ ಅವರ ಚಿತ್ರಗಳಿಂದಲೇ ಎತ್ತಿಕೊಳ್ಳಲಾಗಿತ್ತು.

ಈ ಘಟನೆಯನ್ನು ಅಭಿಮಾನಿಗಳ ಹಟವೆಂದು ಬದಿಗಿಡಬಾರದು. ಯಾವ ಸಂಶೋಧಕನೂ ಯೋಜಿಸದೆ ನಡೆದುಹೋದ ಒಂದು ಪ್ರಯೋಗ ಇದು. ಪಠ್ಯವನ್ನು ಸ್ಥಿರವಾಗಿಟ್ಟು ಚಿತ್ರವನ್ನು ಮಾತ್ರ ಬದಲಿಸಿದಾಗ ಓದುಗರು ಕೃತಿಯ ಅನನ್ಯತೆಯೇ ಹೋಯಿತೆಂದರು. ಹಾಗಾದರೆ ಅವರ ನೆನಪಿನಲ್ಲಿದ್ದ 'ಕೃತಿ' ಲೇಖಕನ ವಾಕ್ಯಗಳಷ್ಟೇ ಆಗಿರಲಿಲ್ಲ. ಕರ್ತೃತ್ವವನ್ನು ಬರಹಗಾರನೊಬ್ಬನಿಗೇ ಒಪ್ಪಿಸುವ ನಮ್ಮ ಸಾಹಿತ್ಯಚರಿತ್ರೆಯ ಪದ್ಧತಿ ಇಂಥ ಪುಸ್ತಕಗಳ ಮುಂದೆ ಸೋಲುತ್ತದೆ.

ಆದರೆ ಹಳೆಯ ಓದುಗರ ನೆನಪನ್ನು ಪೂರ್ತಿಯಾಗಿ ನಂಬುವಂತೆಯೂ ಇಲ್ಲ. ಮೊದಲ ಸಂಪುಟದ 'ದ ಹಾಂಟೆಡ್ ಹೌಸ್' ಕಥೆಯನ್ನು ಪರಿಶೀಲಿಸೋಣ. ಇದರ ಜೊತೆಗಿರುವ, ಕಣ್ಣುಗುಳಿಗಳು ಬರಿದಾದ ಹೆಣ್ಣಿನ ಮುಖ ಗ್ಯಾಮೆಲ್ ಅವರ ಅತ್ಯಂತ ಪ್ರಸಿದ್ಧ ಚಿತ್ರಗಳಲ್ಲಿ ಒಂದು. ಈ ಪುಸ್ತಕ ಓದಿದವರಲ್ಲಿ ಆ ಮುಖವನ್ನು ಮರೆತವರು ಕಡಿಮೆ. ಆದರೆ ಕಥೆ ಏನು? ದೆವ್ವದ ಮನೆಯಲ್ಲಿ ರಾತ್ರಿ ಕಳೆಯಲು ಹೋದ ಧರ್ಮಬೋಧಕನೊಬ್ಬನಿಗೆ ಪ್ರೇತ ಕಾಣಿಸಿಕೊಳ್ಳುತ್ತದೆ. ಹಣಕ್ಕಾಗಿ ತನ್ನ ಪ್ರಿಯಕರನೇ ತನ್ನನ್ನು ಕೊಂದನೆಂದು ಹೇಳಿ, ತನ್ನ ಕಿರುಬೆರಳಿನ ತುದಿಯ ಮೂಳೆಯನ್ನು ಚರ್ಚಿನ ಕಾಣಿಕೆ ತಟ್ಟೆಯಲ್ಲಿ ಇಡುವಂತೆ ಕೇಳಿಕೊಳ್ಳುತ್ತದೆ. ತಟ್ಟೆ ಬಂದಾಗ ಆ ಮೂಳೆ ಕೊಲೆಗಾರನ ಕೈಗೆ ಅಂಟಿಕೊಳ್ಳುತ್ತದೆ, ಅವನು ತಪ್ಪೊಪ್ಪಿಕೊಳ್ಳುತ್ತಾನೆ. ಇಲ್ಲಿ ಪ್ರೇತ ಹೆದರಿಸಲು ಬಂದುದಲ್ಲ, ನ್ಯಾಯ ಕೇಳಲು ಬಂದುದು. ಸತ್ತ ಹೆಣ್ಣು ತನ್ನ ಸಾವಿನ ಸತ್ಯವನ್ನು ಹೇಳಿಕೊಳ್ಳುವ ಜನಪದ ಆಶಯವೇ ಈ ಕಥೆಯ ಕೇಂದ್ರ. ಚಿತ್ರ ನೆನಪಿನಲ್ಲಿ ನಿಂತಿತು, ನ್ಯಾಯದ ಕಥೆ ಹಿಂದೆ ಸರಿಯಿತು. ಮರುಓದಿನಿಂದ ದೊರೆಯುವ ನಿಜವಾದ ಲಾಭ ಇಂಥ ಮರೆವನ್ನು ಗುರುತಿಸುವುದರಲ್ಲಿದೆ.

5. ಮಾಲೆಯ ಒಪ್ಪಂದ ಮತ್ತು ಪಾಠಾಂತರ

'ಗೂಸ್‌ಬಂಪ್ಸ್' ಇನ್ನೊಂದು ಬಗೆಯ ರಚನೆ. ಸ್ಕೊಲಾಸ್ಟಿಕ್ ಸಂಸ್ಥೆ ಪ್ರಕಟಿಸಿದ ಮೂಲ ಮಾಲೆಯಲ್ಲಿ 1992ರಿಂದ 1997ರವರೆಗೆ 62 ಪುಸ್ತಕಗಳು ಬಂದವು. ಅವುಗಳಿಗೆ ಟಿಮ್ ಜೇಕಬಸ್ ಬರೆದ ಕಣ್ಣುಕುಕ್ಕುವ ಬಣ್ಣದ ಮುಖಪುಟಗಳೇ ಮಾಲೆಯ ಗುರುತಾದವು. ಶ್ವಾರ್ಟ್ಸ್ ಅವರ ಕಥೆಗಳಿಗೆ ಬಾಯಿಮಾತಿನ ಪರಂಪರೆ ಆಧಾರವಾದರೆ ಸ್ಟೈನ್ ಅವರ ಕಥೆಗಳಿಗೆ ಮಾಲೆಯ ನಿಯಮವೇ ಆಧಾರ. ಅಧ್ಯಾಯಗಳು ಚಿಕ್ಕವು. ಪ್ರತಿ ಅಧ್ಯಾಯ ಒಂದು ಬೆಚ್ಚುವಿಕೆಯಲ್ಲಿ ನಿಲ್ಲುತ್ತದೆ. ಮುಂದಿನ ಅಧ್ಯಾಯದ ಮೊದಲ ಸಾಲುಗಳಲ್ಲಿ ಅದು ಅಣ್ಣನ ಚೇಷ್ಟೆಯೋ ಬೆಕ್ಕಿನ ಸದ್ದೋ ಆಗಿ ಕರಗುತ್ತದೆ. ಹೀಗೆ ಹಲವು ಸುಳ್ಳು ಬೆಚ್ಚುವಿಕೆಗಳ ನಂತರ ಒಂದು ನಿಜವಾಗುತ್ತದೆ. ಅಪಾಯ ಕಳೆಯಿತೆನ್ನುವಾಗ ಕೊನೆಯ ಪುಟದಲ್ಲಿ ಇನ್ನೊಂದು ತಿರುವು ಬರುತ್ತದೆ.

ವಯಸ್ಕ ಓದುಗನಿಗೆ ಈ ಯಂತ್ರದ ಕೀಲುಗಳೆಲ್ಲ ಕಾಣುತ್ತವೆ. ಆದರೆ ಎಂಟು–ಹತ್ತು ವರ್ಷದ ಓದುಗನಿಗೆ ಅದೊಂದು ಒಪ್ಪಂದ. 'ನಿನ್ನನ್ನು ಹೆದರಿಸುತ್ತೇನೆ, ಆದರೆ ಕೈಬಿಡುವುದಿಲ್ಲ' ಎಂದು ಮಾಲೆ ಮಗುವಿಗೆ ಮಾತು ಕೊಡುತ್ತದೆ. ಒಂದು ಪುಸ್ತಕ ಆ ಮಾತನ್ನು ಉಳಿಸಿಕೊಂಡರೆ ಮಗು ಮುಂದಿನದನ್ನು ತೆರೆಯುತ್ತದೆ. ಆದ್ದರಿಂದ ಒಂದೇ ಪುಸ್ತಕವನ್ನು ಆಯ್ದು ಮರುಓದುವುದರಿಂದ ಈ ಮಾಲೆಯ ಸ್ವರೂಪ ತಿಳಿಯದು. ಮೊದಲ ಪುಸ್ತಕ 'ವೆಲ್‌ಕಮ್ ಟು ಡೆಡ್ ಹೌಸ್' ನಂತರದವುಗಳಿಗಿಂತ ಹೆಚ್ಚು ಗಾಢವಾಗಿದೆ, ಅದರಲ್ಲಿ ಹಾಸ್ಯ ಕಡಿಮೆ. ಮುಂದೆ ಹಾಸ್ಯವೂ ಭಯವೂ ಒಂದು ಹದಕ್ಕೆ ಬರುತ್ತವೆ. ಈ ಹದ ಮೂಡುವ ಪ್ರಕ್ರಿಯೆಯನ್ನು ಕ್ರಮವಾದ ಓದು ಮಾತ್ರ ತೋರಿಸಬಲ್ಲುದು.

ಮಾಲೆಯ ಹನ್ನೊಂದನೆಯ ಪುಸ್ತಕ 'ದ ಹಾಂಟೆಡ್ ಮಾಸ್ಕ್' (1993) ಇಲ್ಲಿ ವಿಶೇಷ ಗಮನಕ್ಕೆ ಅರ್ಹವಾದುದು. ಎಲ್ಲಕ್ಕೂ ಬೆಚ್ಚುವ ಕಾರ್ಲಿ ಬೆತ್ ಎಂಬ ಹುಡುಗಿ ತನ್ನನ್ನು ಗೇಲಿಮಾಡಿದವರನ್ನು ಹೆದರಿಸಲು ವಿಕಾರವಾದ ಮುಖವಾಡ ಧರಿಸುತ್ತಾಳೆ. ಅದು ಅವಳ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಅವಳ ದನಿ, ಸ್ವಭಾವಗಳೂ ಬದಲಾಗುತ್ತವೆ. ಪ್ರೀತಿಯ ಕುರುಹೊಂದರಿಂದ ಮಾತ್ರ ಅದನ್ನು ಕಳಚಬಹುದು. ತಾಯಿ ಅವಳ ಮುಖವನ್ನೇ ಹೋಲುವಂತೆ ಮಾಡಿದ ಪ್ಲಾಸ್ಟರಿನ ತಲೆಯೇ ಆ ಕುರುಹು. ಕಥೆಯ ಆರಂಭದಲ್ಲಿ ಅದೇ ತಲೆಯನ್ನು ಕಂಡು ಹುಡುಗಿ ಮುಜುಗರಪಟ್ಟಿರುತ್ತಾಳೆ. ಬಾಲ ಓದುಗನಿಗೆ ನೆನಪುಳಿಯುವುದು ಹಸಿರು ಮುಖವಾಡ. ಮರುಓದಿನಲ್ಲಿ ಎದ್ದು ಕಾಣುವುದು ತಾಯಿ ಮಾಡಿದ ತಲೆ. ಎರಡು ಓದುಗಳು ಒಂದೇ ಕಥೆಯ ಎರಡು ವಸ್ತುಗಳ ಮೇಲೆ ನಿಂತಿವೆ. ಒಂದನ್ನು ಸರಿಯೆಂದೂ ಇನ್ನೊಂದನ್ನು ತಪ್ಪೆಂದೂ ಹೇಳುವ ಅಗತ್ಯವಿಲ್ಲ. ಮುಖವಾಡದ ಭಯ ಇಲ್ಲದಿದ್ದರೆ ತಾಯಿಯ ಕಾಣಿಕೆಗೆ ಬೆಲೆ ಬರುತ್ತಿರಲಿಲ್ಲ.

ಈ ಮಾಲೆಯ ಪಠ್ಯವಾದರೂ ಸ್ಥಿರವೇ? 2023ರ ಮಾರ್ಚಿನಲ್ಲಿ, ಕೆಲವು 'ಗೂಸ್‌ಬಂಪ್ಸ್' ಪುಸ್ತಕಗಳ ಇ–ಪುಸ್ತಕ ಆವೃತ್ತಿಗಳಲ್ಲಿ ದೇಹದ ಗಾತ್ರ, ಮಾನಸಿಕ ಸ್ಥಿತಿ ಮೊದಲಾದವನ್ನು ಸೂಚಿಸುವ ಪದಗಳು ಬದಲಾಗಿರುವುದು ವರದಿಯಾಯಿತು. ಅಂಥ ಬದಲಾವಣೆಗಳನ್ನು ತಮಗೆ ತೋರಿಸಿಯೇ ಇರಲಿಲ್ಲವೆಂದು ಸ್ಟೈನ್ ಹೇಳಿದರು. ಇಂದಿನ ಮಕ್ಕಳಿಗೆ ನೋವಾಗದಂತೆ ಪದಗಳನ್ನು ತಿದ್ದುವುದು ಸರಿಯೇ ತಪ್ಪೇ ಎಂಬ ಚರ್ಚೆ ಬೇರೆ. ಎರಡೂ ಕಡೆ ಗಂಭೀರವಾದ ವಾದಗಳಿವೆ. ನಮ್ಮ ಸಂದರ್ಭದಲ್ಲಿ ಮುಖ್ಯವಾದ ಪ್ರಶ್ನೆ ಇನ್ನೊಂದು. ಅದೇ ಶೀರ್ಷಿಕೆ, ಅದೇ ಲೇಖಕ, ಅದೇ ಮುಖಪುಟದ ಹಿಂದೆ ಬೇರೆ ಪಾಠ ಕುಳಿತಿರಬಹುದು. ಓದುಗನಿಗೆ ಅದರ ಸುಳಿವೂ ಸಿಗದಿರಬಹುದು. ತಾಳೆಗರಿಯ ಲಿಪಿಕಾರನ ತಿದ್ದುಪಡಿಯನ್ನು ಗುರುತಿಸಲು ನಮಗೆ ಇನ್ನೊಂದು ಪ್ರತಿಯಾದರೂ ಇರುತ್ತದೆ. ಇ–ಪುಸ್ತಕದಲ್ಲಿ ಹೊಸ ಪಾಠ ಹಳೆಯದನ್ನು ಅಳಿಸಿಯೇ ಕುಳಿತುಕೊಳ್ಳಬಲ್ಲುದು. ಇಂಥ ಕಾಲದಲ್ಲಿ, ಓದಿ ಹಣ್ಣಾದ ಒಂದು ಕಾಗದದ ಪ್ರತಿ ಹಸ್ತಪ್ರತಿಯಷ್ಟೇ ಮಹತ್ವದ ಆಕರವಾಗುತ್ತದೆ.

6. ಹಳಹಳಿಕೆ ಎಂಬ ವಿಘ್ನ

ಈವರೆಗಿನ ಚರ್ಚೆ ಕೃತಿಯ ಬದಲಾವಣೆಯನ್ನು ಕುರಿತದ್ದು. ಓದುಗನ ಬದಲಾವಣೆಯನ್ನು ವಿವರಿಸಲು ನಮ್ಮ ಕಾವ್ಯಮೀಮಾಂಸೆಯ ನೆರವು ಪಡೆಯಬಹುದು. ಭಯಾನಕ ರಸವನ್ನು ವಿವರಿಸುವಾಗ ಅಭಿನವಗುಪ್ತನು ಕಾಳಿದಾಸನ ಶಾಕುಂತಲದಲ್ಲಿ ಬೇಟೆಗಾರನಿಗೆ ಹೆದರಿ ಓಡುವ ಜಿಂಕೆಯ ಪದ್ಯವನ್ನು ಎತ್ತಿಕೊಳ್ಳುತ್ತಾನೆ. ಅಲ್ಲಿ ಭಯ ಇಂಥ ಜಿಂಕೆಯದು, ಇಂಥ ಕಾಲದ್ದು ಎಂಬ ಕಟ್ಟಿನಿಂದ ಬಿಡುಗಡೆ ಪಡೆದು ಸಹೃದಯನಿಗೆ ಆಸ್ವಾದ್ಯವಾಗುತ್ತದೆ. ಈ ಸಾಧಾರಣೀಕರಣಕ್ಕೆ ಅಡ್ಡಬರುವ ವಿಘ್ನಗಳನ್ನೂ ಅವನು ಪಟ್ಟಿಮಾಡುತ್ತಾನೆ. ತನ್ನದು, ಪರರದು ಎಂಬ ದೇಶಕಾಲಗಳ ಕಟ್ಟು ಅವುಗಳಲ್ಲೊಂದು. ತನ್ನ ಸ್ವಂತ ಸುಖದುಃಖಗಳಿಗೆ ಪರವಶನಾಗುವುದು ಇನ್ನೊಂದು.

ಬಾಲ ಓದುಗನಲ್ಲಿ ಭಯ ಪೂರ್ತಿಯಾಗಿ ಸಾಧಾರಣೀಕರಣಗೊಳ್ಳುವುದಿಲ್ಲ. ಪುಸ್ತಕ ಮುಚ್ಚಿದ ಮೇಲೂ ಅದು ಮಂಚದ ಕೆಳಗೆ ಉಳಿಯುತ್ತದೆ. ಅದು ರಸಕ್ಕಿಂತ ಲೌಕಿಕ ಭಯಕ್ಕೆ ಹತ್ತಿರ. ಇಲ್ಲಿರುವ ಸ್ವಾರಸ್ಯವೆಂದರೆ, ಆ ಭಯದಿಂದ ಪುಸ್ತಕಕ್ಕೂ ಪುಸ್ತಕದಿಂದ ಭಯಕ್ಕೂ ಹೋಗಿಬರುತ್ತ ಮಗು ಆಸ್ವಾದವನ್ನು ಕಲಿಯುತ್ತದೆ. ಹೆದರಿ ಮುಚ್ಚಿದ ಪುಟವನ್ನು ಮರುದಿನ ತಾನಾಗಿಯೇ ತೆರೆಯುವ ಮಗು ಸಹೃದಯತ್ವದ ಮೊದಲ ಪಾಠವನ್ನು ಕಲಿಯುತ್ತಿದೆ ಎನ್ನಬಹುದು.

ಮರಳಿ ಬಂದ ವಯಸ್ಕನಿಗೆ ಬೇರೊಂದು ವಿಘ್ನ ಎದುರಾಗುತ್ತದೆ. ಅವನು ಕೃತಿಯನ್ನು ಓದದೆ ತನ್ನ ಬಾಲ್ಯವನ್ನು ಓದುತ್ತಿರುತ್ತಾನೆ. 1688ರಲ್ಲಿ ಯೋಹಾನಸ್ ಹೋಫರ್ ಎಂಬ ವೈದ್ಯ ಬಾಸೆಲ್ ನಗರದಲ್ಲಿ ಮಂಡಿಸಿದ ಪ್ರಬಂಧದಲ್ಲಿ 'ನಾಸ್ಟಾಲ್ಜಿಯ' ಎಂಬ ಪದವನ್ನು ಸೃಷ್ಟಿಸಿದಾಗ ಅದು ಊರನ್ನು ನೆನೆದು ಕೊರಗುವ ಕಾಯಿಲೆಯ ಹೆಸರಾಗಿತ್ತು. ಸ್ವೆಟ್ಲಾನಾ ಬಾಯ್ಮ್ ತಮ್ಮ 2001ರ ಗ್ರಂಥದಲ್ಲಿ ಹಳಹಳಿಕೆಯನ್ನು ಎರಡಾಗಿ ವಿಂಗಡಿಸಿದರು. ಕಳೆದುದನ್ನು ಇದ್ದಂತೆಯೇ ಮರಳಿ ಕಟ್ಟಲು ಹೊರಡುವುದು ಒಂದು. ಕಳೆದುದರ ದೂರವನ್ನು ಒಪ್ಪಿಕೊಂಡು ಅದನ್ನು ಚಿಂತಿಸುವುದು ಇನ್ನೊಂದು. ಗ್ಯಾಮೆಲ್ ಅವರ ಚಿತ್ರಗಳಿಗಾಗಿ ನಡೆದ ಪ್ರತಿಭಟನೆಯಲ್ಲಿ ಮೊದಲನೆಯದರ ಬಲವಿತ್ತು, ಅದರಿಂದ ಒಂದು ಪಾಠ ಉಳಿಯಿತು. ಸಂಶೋಧಕನಿಗೆ ಬೇಕಾದುದು ಎರಡನೆಯದು. ತನ್ನ ನೆನಪನ್ನು ಅವನು ಆಕರವಾಗಿ ಬಳಸಬಹುದು, ಪ್ರಮಾಣವಾಗಿ ಬಳಸುವಂತಿಲ್ಲ.

7. ಬೇತಾಳನ ಹೆಗಲು

ಕನ್ನಡದಲ್ಲಿ ಇದೇ ಪ್ರಶ್ನೆಯನ್ನು ಎತ್ತುವ ಆಕರ 'ಚಂದಮಾಮ'. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ ಅವರು 1947ರ ಜುಲೈನಲ್ಲಿ ತೆಲುಗು, ತಮಿಳುಗಳಲ್ಲಿ ಆರಂಭಿಸಿದ ಈ ಮಾಸಪತ್ರಿಕೆಯ ಕನ್ನಡ ಆವೃತ್ತಿ 1949ರಲ್ಲಿ ಹೊರಬಂತು. 2010ರ ದಶಕದ ಆರಂಭದಲ್ಲಿ ಪತ್ರಿಕೆ ನಿಂತುಹೋಯಿತು. ಹೆಗಲ ಮೇಲೆ ಶವ, ಕೈಯಲ್ಲಿ ಹಿರಿದ ಕತ್ತಿ, ಸುತ್ತ ಸ್ಮಶಾನ – ಹೀಗೆ ನಡೆಯುವ ರಾಜನ ಚಿತ್ರ ಕಲಾವಿದ ಶಂಕರ್, ಅಂದರೆ ಕೆ. ಸಿ. ಶಿವಶಂಕರನ್ (1924–2020), ಅವರದು. ಇಂದಿಗೂ 'ಬೇತಾಳ' ಎಂದೊಡನೆ ಒಂದು ತಲೆಮಾರಿನ ಕನ್ನಡಿಗರ ಕಣ್ಣಮುಂದೆ ನಿಲ್ಲುವುದು ಆ ಚಿತ್ರವೇ.

ಇಲ್ಲಿನ ಪರಿಸ್ಥಿತಿ ಶ್ವಾರ್ಟ್ಸ್ ಅವರ ಸಂಪುಟಗಳದಕ್ಕೆ ಸರಿಯಾಗಿ ವಿರುದ್ಧವಾದುದು. ಅಲ್ಲಿ ಪಠ್ಯ ಸ್ಥಿರವಾಗಿದ್ದು ಚಿತ್ರ ಬದಲಾಯಿತು. ಇಲ್ಲಿ ಹಲವು ಭಾಷೆಗಳ ಆವೃತ್ತಿಗಳಿಗೆ ಚಿತ್ರ ಒಂದೇ. ಭಾಷೆಯಿಂದ ಭಾಷೆಗೆ ಬದಲಾದುದು ಪಠ್ಯ. ತೆಲುಗು, ತಮಿಳು, ಕನ್ನಡದ ಮಕ್ಕಳು ಒಂದೇ ಚಿತ್ರವನ್ನು ನೋಡುತ್ತ ತಂತಮ್ಮ ನುಡಿಯ ಲಯದಲ್ಲಿ ಹೆದರಿದರು. ಆದ್ದರಿಂದ ಕನ್ನಡ 'ಚಂದಮಾಮ'ದ ಬೇತಾಳ ಕಥೆಗಳ ಭಾಷೆಯನ್ನು, ಅದರ ಅನುವಾದದ ರೀತಿಯನ್ನು ಬೇರೆಯಾಗಿಯೇ ಅಧ್ಯಯನ ಮಾಡಬೇಕಾಗಿದೆ.

ಕಥಾರಚನೆಯಲ್ಲಿಯೂ ಗಮನಾರ್ಹವಾದ ಬದಲಾವಣೆಯಿದೆ. ಹನ್ನೊಂದನೆಯ ಶತಮಾನದ ಸೋಮದೇವನ 'ಕಥಾಸರಿತ್ಸಾಗರ'ದಲ್ಲಿ ಬೇತಾಳ ಕಥೆಗಳಿಗೆ ಒಂದು ಅಂತ್ಯವಿದೆ. ಕೊನೆಯ ಒಗಟಿಗೆ ರಾಜ ತ್ರಿವಿಕ್ರಮಸೇನನಲ್ಲಿ ಉತ್ತರವಿಲ್ಲ. ಅವನು ಮೌನವಾಗಿ ನಡೆಯುತ್ತಾನೆ. ಆಗ ಬೇತಾಳ ಭಿಕ್ಷುವಿನ ಸಂಚನ್ನು ತಿಳಿಸುತ್ತದೆ. ರಾಜ ಅವನನ್ನು ಕೊಂದು ಪಾರಾಗುತ್ತಾನೆ. ಇಪ್ಪತ್ತೈದರ ಎಣಿಕೆಯನ್ನು ದಾಟಿ ಹೊಸ ಹೊಸ ಕಥೆಗಳನ್ನು ಅದೇ ಚೌಕಟ್ಟಿಗೆ ಸೇರಿಸಿದ ಮಾಸಪತ್ರಿಕೆಗೆ ಈ ಅಂತ್ಯ ಬೇಕಿರಲಿಲ್ಲ. ತಿಂಗಳು ತಿಂಗಳೂ ರಾಜ ಉತ್ತರ ಹೇಳಲೇಬೇಕು, ಶವ ಮರಕ್ಕೆ ಮರಳಲೇಬೇಕು. ಹೀಗೆ ಪತ್ರಿಕೆಯ ರಾಜ ಎಂದೂ ಸ್ಮಶಾನ ದಾಟದ ನಿತ್ಯಪಥಿಕನಾದ. 'ಗೂಸ್‌ಬಂಪ್ಸ್' ಮಾಲೆಯ ಒಪ್ಪಂದವೇ ಇಲ್ಲಿಯೂ ಇದೆ: ಶವದ ಭಯ ಆರಂಭದಲ್ಲಿ ಖಚಿತ, ಮರಳುವಿಕೆ ಕೊನೆಯಲ್ಲಿ ಖಚಿತ. ಇವೆರಡರ ನಡುವೆ ಇರುವುದು ಬಹುಮಟ್ಟಿಗೆ ಭಯದ ಕಥೆಯಲ್ಲ, ಧರ್ಮಸೂಕ್ಷ್ಮದ ಒಗಟು. ಯಾರದು ತ್ಯಾಗ, ಯಾರದು ತಪ್ಪು ಎಂದು ತೂಗಿ ನೋಡುವಂತೆ ಅದು ಮಗುವನ್ನು ಕೇಳುತ್ತದೆ. ಗೊತ್ತಿದ್ದೂ ಹೇಳದಿದ್ದರೆ ತಲೆ ಸಿಡಿದೀತು, ಹೇಳಿದರೆ ಹಿಡಿದ ಕೆಲಸ ಕೆಡುತ್ತದೆ ಎಂಬ ಇಕ್ಕಟ್ಟು ಬೇತಾಳನಿಗಿಂತ ಹೆಚ್ಚು ಭಯಂಕರವಾದುದು. ಅದು ತಿಳಿಯಲು ಮಾತ್ರ ಮರುಓದು ಬೇಕಾಗುತ್ತದೆ.

8. ಉಪಸಂಹಾರ

ಮೇಲಿನ ಚರ್ಚೆಯಿಂದ ಹೊರಡುವ ನಿಲುವನ್ನು ಹೀಗೆ ಸಂಗ್ರಹಿಸಬಹುದು. ಮಕ್ಕಳ ಭಯಾನಕ ಕಥೆಯಲ್ಲಿ ಭಯ ವಾಕ್ಯಗಳಲ್ಲಿ ಮಾತ್ರ ಇರುವುದಿಲ್ಲ. ಹೇಳುವ ದನಿ, ಚಿತ್ರ, ಅಧ್ಯಾಯದ ಅಂಚು, ಮಾಲೆಯ ಕ್ರಮ, ಮುಂದಿನ ಸಂಚಿಕೆಗಾಗಿ ಕಾದ ತಿಂಗಳು – ಇವುಗಳಲ್ಲಿ ಹಂಚಿಹೋಗಿರುತ್ತದೆ. ಇವುಗಳಲ್ಲಿ ಯಾವುದು ಬದಲಾದರೂ ಕೃತಿ ಬದಲಾಗುತ್ತದೆ. ಆದ್ದರಿಂದ ಮರುಓದಿನ ಮೊದಲ ಪ್ರಶ್ನೆ 'ಈಗಲೂ ಹೆದರಿಕೆಯಾಗುತ್ತದೆಯೇ?' ಎಂಬುದಲ್ಲ, 'ನಾನು ಓದಿದ್ದು ಯಾವ ಪ್ರತಿ, ಈಗ ನನ್ನ ಕೈಯಲ್ಲಿರುವುದು ಯಾವ ಪ್ರತಿ?' ಎಂಬುದು.

ಈ ನಿಲುವಿನಿಂದ ಕನ್ನಡ ವಿಭಾಗಗಳ ಪಾಲಿಗೆ ಕೆಲವು ಕೆಲಸಗಳು ಒದಗುತ್ತವೆ. ಮಕ್ಕಳ ಮಾಸಪತ್ರಿಕೆಗಳ ಸಂಚಿಕೆಗಳನ್ನು ಚಿತ್ರ, ಜಾಹೀರಾತು, ಓದುಗರ ಪತ್ರಗಳ ಸಮೇತ ಸಂಗ್ರಹಿಸಿ ವಿವರಣಾತ್ಮಕ ಸೂಚಿ ಸಿದ್ಧಪಡಿಸಬೇಕು; ಕತ್ತರಿಸಿಟ್ಟ ಕಥೆಗಳು ಸಾಲವು. ಬೇತಾಳ ಕಥೆಗಳ ಕನ್ನಡ ಪಾಠವನ್ನು ಅದೇ ತಿಂಗಳ ತೆಲುಗು ಪಾಠದೊಂದಿಗೆ ಹೋಲಿಸಬೇಕು. 1990ರ ದಶಕದಲ್ಲಿ ಮನೆಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆಯಿಸಿದ ವದಂತಿಯನ್ನು ಅಂದಿನ ಮಕ್ಕಳು ತಮ್ಮ ತಮ್ಮಲ್ಲಿ ಹೇಗೆ ಹೇಳಿಕೊಂಡರು ಎಂಬುದನ್ನು, ಹೆಸರು ಹಿಡಿದು ಕರೆಯುವ ಆ ದನಿಯನ್ನು ಅವರು ಹೇಗೆ ಅನುಕರಿಸಿದರು ಎಂಬುದನ್ನು, ಕೇಳಿ ದಾಖಲಿಸಬೇಕು. ಹೇಳಿದವರು ಈಗ ನಡುವಯಸ್ಸಿನವರು. ಅವರ ನೆನಪು ಇನ್ನೂ ಹಸಿಯಾಗಿದೆ.

ಹಳೆಯ ಸಾಮಾನಿನೊಂದಿಗೆ ಮನೆಯಿಂದ ಮೊದಲು ಹೊರಹೋಗುವುದು ಮಕ್ಕಳ ಪುಸ್ತಕ. ಬೆಳೆದ ಮಗುವಿಗೆ ಅದು ಬೇಡ, ಹಿರಿಯರಿಗೆ ಅದರ ಬೆಲೆ ತಿಳಿಯದು, ಗ್ರಂಥಾಲಯದ ಕಪಾಟಿನಲ್ಲಿ ಅದಕ್ಕೆ ಜಾಗವಿಲ್ಲ. ಒಂದು ತಲೆಮಾರು ಏನನ್ನು ಪ್ರೀತಿಸಿತು ಎಂಬುದಕ್ಕೆ ನಮ್ಮಲ್ಲಿ ಸಾಕಷ್ಟು ದಾಖಲೆಗಳಿವೆ. ಅದು ಏನಕ್ಕೆ ಹೆದರಿತು, ಆ ಭಯವನ್ನು ಯಾವ ಪುಟದ ನೆರವಿನಿಂದ ದಾಟಿತು ಎಂಬುದಕ್ಕೆ ಇರುವ ದಾಖಲೆ ಈ ಹರಕು ಪ್ರತಿಗಳೇ. ಅವು ರದ್ದಿಗೆ ಸೇರುವ ಮುನ್ನ ಗ್ರಂಥಸಂಪಾದಕನ ಕಣ್ಣಿಗೆ ಬೀಳಬೇಕಾಗಿದೆ.